ಚಾರುದತ್ತನ ಗೋಡೆ ಕಟ್ಟಿದವರಿಗೆ

ಮೊನ್ನೆ ಭಾನುವಾರ ರಾತ್ರಿ ಮಾಲೂರು ತಾಲ್ಲೂಕಿನ ನಮ್ಮ ಹಳ್ಳಿಯ ಶಾಲೆ ಅಂಗಳದಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸಿದೆವು. ಸೆನ್ಸಾರ್ ಪತ್ರ ಕೈಗೆ ಬಂದು ಹತ್ತು ದಿನವಾಗಿತ್ತು. ಥಿಯೇಟರಿಗೆ ಹೋಗುವ ಮೊದಲು ದುಡಿದವರು ನೋಡಬೇಕು ಅನ್ನುವುದು ನನ್ನ ಹಟ. ಮೂರು ವರ್ಷದ ಒದ್ದಾಟ 1 ಗಂಟೆ 58 ನಿಮಿಷಕ್ಕೆ ಮುಗಿದುಹೋಯಿತು. ಆಮೇಲೆ ಯಾರೋ ಕೈಗೆ ಮೈಕು ಕೊಟ್ಟರು. ಬಾಯಿ ಹೊರಡಲಿಲ್ಲ. ‘ಎಲ್ಲರಿಗೂ ಥ್ಯಾಂಕ್ಸ್’ ಅಂದು ಕೂತುಬಿಟ್ಟೆ. ಆ ಬಾಕಿ ತೀರಿಸಲು ಈಗ ಬರೆಯುತ್ತಿದ್ದೇನೆ. ಹೆಸರುಗಳೆಲ್ಲ ಟೈಟಲ್ ಕಾರ್ಡಿನಲ್ಲಿವೆ; ಇಲ್ಲಿ ಸೆಟ್ಟಿನಲ್ಲಿ ಹೇಗೆ ಕರೆಯುತ್ತಿದ್ದೆವೋ ಹಾಗೇ ಕರೆಯುತ್ತೇನೆ.

ನಮ್ಮ ಸಿನಿಮಾ ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದ್ದು (ಅಂದರೆ ಮಣ್ಣಿನ ಬಂಡಿ): ಉಜ್ಜಯಿನಿಯ ಬಡವನಾದ ವ್ಯಾಪಾರಿ ಚಾರುದತ್ತ, ಅವನನ್ನು ಪ್ರೀತಿಸುವ ಗಣಿಕೆ ವಸಂತಸೇನೆ, ಇವರ ಕಥೆ. ಈ ನಾಟಕ ಸಿನಿಮಾದವರಿಗೆ ಹೊಸದಲ್ಲ. ಮೂಕಿ ಚಿತ್ರಗಳ ಕಾಲದಲ್ಲೇ ತೆರೆಗೆ ಬಂದಿದೆ. 1941ರಲ್ಲಿ ಕನ್ನಡದಲ್ಲಿ ‘ವಸಂತಸೇನಾ’ ಬಂತು, 1984ರಲ್ಲಿ ಗಿರೀಶ ಕಾರ್ನಾಡರು ಹಿಂದಿಯಲ್ಲಿ ‘ಉತ್ಸವ್’ ಮಾಡಿದರು. ‘ಮತ್ತೆ ಅದನ್ನೇ ಯಾಕಪ್ಪ?’ ಅಂದವರಿಗೆ ಕೊಡಲು ನನ್ನ ಹತ್ತಿರ ಒಂದೇ ಉತ್ತರವಿತ್ತು. ಆ ನಾಟಕದಲ್ಲಿ ಕಳ್ಳನೊಬ್ಬ ಇಟ್ಟಿಗೆ ಗೋಡೆಗೆ ಕನ್ನ ಹಾಕುತ್ತಾನೆ. ನಾನು ಇಟ್ಟಿಗೆ ಗೂಡಿನ ಪಕ್ಕದಲ್ಲಿ ಬೆಳೆದವನು.

ಮೊದಲ ನಮಸ್ಕಾರ ಕೋಲಾರದ ನಮ್ಮ ಕನ್ನಡ ಮೇಡಂಗೆ. ಕಾಲೇಜಿನಲ್ಲಿ ಪಾಠ ಹೇಳಿದವರು, ಈಗ ನಿವೃತ್ತರು. ನನ್ನ ಮೊದಲ ಚಿತ್ರಕಥೆಯನ್ನು ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟು, ‘ಏನಪ್ಪ, ರಾಜನಿಂದ ಹಿಡಿದು ಗಾಡಿ ಹೊಡೆಯೋನವರೆಗೂ ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬಂದಂಗೆ ಮಾತಾಡ್ತಾರಲ್ಲ’ ಅಂದರು. ಮೂಲದಲ್ಲಿ ಹಾಗಿಲ್ಲ. ಚಾರುದತ್ತ ಸಂಸ್ಕೃತ ಆಡುತ್ತಾನೆ; ವಿದೂಷಕ ಮೈತ್ರೇಯ, ದಾಸಿಯರು, ಜೂಜುಕೋರರು, ಗಾಡಿಯವರದೆಲ್ಲ ಪ್ರಾಕೃತ, ಅಂದರೆ ಜನಸಾಮಾನ್ಯರ ಆಡುಮಾತು. ಅದೂ ಒಂದಲ್ಲ, ವ್ಯಾಖ್ಯಾನಕಾರ ಪೃಥ್ವೀಧರ ಏಳು ಬಗೆ ಎಣಿಸುತ್ತಾನೆ. ರಾಜನ ಭಾವಮೈದ ಶಕಾರನಿಗೆ ‘ಸ’ ನಾಲಗೆಗೆ ಬರುವುದಿಲ್ಲ, ಎಲ್ಲಾ ‘ಶ’. ಅದಕ್ಕೇ ಅವನಿಗೆ ಆ ಹೆಸರು. ಮೇಲೆ ಪುರಾಣ ಬೇರೆ ಉದುರಿಸುತ್ತಾನೆ: ದ್ರೌಪದಿ ರಾಮನಿಗೆ ಹೆದರಿ ಓಡಿದಳಂತೆ, ಕುಂತಿ ರಾವಣನ ಕೈಗೆ ಸಿಕ್ಕಳಂತೆ! ಪಕ್ಕದಲ್ಲಿರುವವರು ತಿದ್ದುವ ಹಾಗಿಲ್ಲ, ಭಾವ ರಾಜ. (ಇಂಥವನನ್ನು ನೋಡಲು ಉಜ್ಜಯಿನಿಗೇ ಹೋಗಬೇಕೆಂದಿಲ್ಲ ಬಿಡಿ.)

‘ಏಳು ಭಾಷೆ ಎಲ್ಲಿಂದ ತರಲಿ ಮೇಡಂ?’ ಅಂದೆ. ‘ಬೆಳಿಗ್ಗೆ ನಾಲ್ಕು ಗಂಟೆಗೆ ಟೊಮೆಟೊ ಮಂಡಿಗೆ ಹೋಗಿ ನಿಂತ್ಕೋ’ ಅಂದರು. ಹೋಗಿ ನಿಂತೆ. ಕನ್ನಡದಲ್ಲಿ ಶುರುವಾದ ಜಗಳ ತೆಲುಗಿಗೆ ಹೊರಳಿ, ನಡುವೆ ಉರ್ದುವಿನಲ್ಲಿ ಒಂದು ಬೈಗುಳ ತಿಂದು, ಮತ್ತೆ ಕನ್ನಡದಲ್ಲಿ ರಾಜಿಯಾಯಿತು. ಜೂಜಿನ ದೃಶ್ಯ ಅಲ್ಲೇ ಸಿಕ್ಕಿತು. ಹತ್ತು ಚಿನ್ನದ ನಾಣ್ಯ ಸೋತ ಸಂವಾಹಕ (ಮೈ ಒತ್ತುವ ಕೆಲಸದವನು), ಪಾಳು ಗುಡಿಯೊಳಕ್ಕೆ ಹಿಮ್ಮುಖವಾಗಿ ನಡೆದುಹೋಗಿ ದೇವರ ಜಾಗದಲ್ಲಿ ವಿಗ್ರಹದಂತೆ ನಿಲ್ಲುತ್ತಾನಲ್ಲ, ಅದು. ಅವನನ್ನು ಅಟ್ಟಿಸಿಕೊಂಡು ಬರುವವರು ಮಂಡಿಯ ಹಮಾಲಿ ಅಣ್ಣಂದಿರೇ. ನಾನು ಬರೆದುಕೊಟ್ಟ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ. ‘ದುಡ್ಡಿಟ್ಟು ಎಲ್ಲಿಗಾದ್ರೂ ಹೋಗಪ್ಪೋ, ಸ್ವರ್ಗಕ್ಕಾದ್ರೂ ಹೋಗು’ ಅನ್ನುವುದು ಅವರದೇ. ಪರದೆಯ ಮುಂದೆ ಜನ ಅತಿ ಹೆಚ್ಚು ನಕ್ಕದ್ದೂ ಅದಕ್ಕೇ. ಹಗಲು ಮೂಟೆ ಹೊತ್ತು ಸಂಜೆ ಬಣ್ಣ ಹಚ್ಚಿಕೊಂಡ ಆ ಆರು ಜನರಿಗೆ ನಾನು ಕೊಟ್ಟದ್ದು ಊಟ ಮತ್ತು ಬಸ್ ಚಾರ್ಜು ಮಾತ್ರ. ಮರೆತಿಲ್ಲ.

ಇನ್ನು ಗಾರೆ ಮೇಸ್ತ್ರಿ. ಇವರ ವಿಷಯ ಸ್ವಲ್ಪ ಉದ್ದವಾಗುತ್ತದೆ, ತಾಳಿಕೊಳ್ಳಿ.

ಮೂರನೇ ಅಂಕದಲ್ಲಿ ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕುವಾಗ ಕಳ್ಳತನದ ಶಾಸ್ತ್ರ ಹೇಳುತ್ತಾನೆ. ಸುಟ್ಟ ಇಟ್ಟಿಗೆಯಾದರೆ ಎಳೆದು ತೆಗೆಯಬೇಕು, ಹಸಿ ಇಟ್ಟಿಗೆಯಾದರೆ ಕೊಯ್ಯಬೇಕು, ಮಣ್ಣಿನ ಗೋಡೆಯಾದರೆ ನೀರಲ್ಲಿ ನೆನೆಸಬೇಕು, ಮರವಾದರೆ ಸೀಳಬೇಕು. ಆಮೇಲೆ ಕನ್ನದ ಆಕಾರ: ಅರಳಿದ ಕಮಲ, ಸೂರ್ಯ, ಎಳೆಚಂದ್ರ, ಬಾವಿ, ಸ್ವಸ್ತಿಕ, ಪೂರ್ಣಕುಂಭ. ಸುಟ್ಟ ಇಟ್ಟಿಗೆಗೆ ಪೂರ್ಣಕುಂಭವೇ ಚೆನ್ನ ಎಂದು ಅವನ ತೀರ್ಮಾನ. ಇದು ಬರೀ ಕವಿಯ ತಮಾಷೆ ಎಂದೇ ನಾನು ಎಣಿಸಿದ್ದೆ. ಮೇಸ್ತ್ರಿ ಬೀಡಿ ಕೆಳಗಿಟ್ಟು ಕೇಳಿಸಿಕೊಂಡು, ‘ಇದು ಬರೆದೋನು ಗೋಡೆ ಕಟ್ಟಿದಾನೆ ಸ್ವಾಮಿ’ ಅಂದರು. ನೆಲದ ಮೇಲೆ ಇಟ್ಟಿಗೆ ಜೋಡಿಸಿ ತೋರಿಸಿದರು. ಚೌಕಾಕಾರ ಕೊರೆದರೆ ಮೇಲೆ ಲಿಂಟಲ್ ಇಲ್ಲದೆ ಇಟ್ಟಿಗೆ ಉದುರುತ್ತದೆ, ಸದ್ದಾಗಿ ಮನೆಯವರು ಎದ್ದುಬಿಡುತ್ತಾರೆ. ಗಡಿಗೆಯ ಆಕಾರದಲ್ಲಿ ಹೊಟ್ಟೆ ಅಗಲ, ಅಲ್ಲಿಂದ ಮೇಲಕ್ಕೆ ಒಂದೊಂದು ವರಸೆಯೂ ಒಂದಿಷ್ಟು ಒಳಕ್ಕೆ ಚಾಚಿಕೊಂಡು ಕುತ್ತಿಗೆಯ ಹತ್ತಿರ ಕೂಡಿಕೊಳ್ಳುತ್ತದೆ. ಮೇಲಿನ ಭಾರ ಪಕ್ಕಕ್ಕೆ ಇಳಿಯುತ್ತದೆ, ಗೋಡೆ ನಿಲ್ಲುತ್ತದೆ. ಮನುಷ್ಯ ನುಸುಳುವುದು ಹೊಟ್ಟೆಯ ಕಡೆಯಿಂದ. ಇಷ್ಟನ್ನು ನನಗೆ ಯಾವ ಟಿಪ್ಪಣಿಯೂ ಹೇಳಿರಲಿಲ್ಲ.

ಸಿಮೆಂಟು ಮುಟ್ಟದೆ, ಬರೀ ಮಣ್ಣಿನ ಗಾರೆಯಲ್ಲಿ ಅವರು ಮೂರು ಗೋಡೆ ಕಟ್ಟಿಕೊಟ್ಟರು. ಮೊದಲನೆಯದು ರಾತ್ರಿ ಮಳೆಗೆ ಕುಸಿಯಿತು. ಎರಡನೆಯದು ನಮ್ಮ ನಟ ಆವೇಶದಲ್ಲಿ ತಪ್ಪು ಇಟ್ಟಿಗೆ ಎಳೆದು ಬಿತ್ತು. ಅವನ ಕಾಲಿನ ಹೆಬ್ಬೆರಳು ಇನ್ನೂ ಸರಿಯಾಗಿಲ್ಲ. ಮೂರನೆಯದನ್ನೇ ನೀವು ನೋಡಿದ್ದು. ಹತ್ತಿರದ ಶಾಟುಗಳಲ್ಲಿ ಇಟ್ಟಿಗೆ ಅಲುಗಿಸಿ ತೆಗೆಯುವ ಕೈ ನಟನದಲ್ಲ, ಮೇಸ್ತ್ರಿಯದು. ಅಳತೆದಾರ ಮರೆತುಬಂದ ಶರ್ವಿಲಕ ಜನಿವಾರವನ್ನೇ ದಾರ ಮಾಡಿಕೊಳ್ಳುತ್ತಾನೆ ಎಂದು ಹೇಳಿದಾಗ ಅವರು ತಮ್ಮ ಆಳಿನ ಕಡೆ ತಿರುಗಿ, ‘ನೋಡ್ದೇನೋ, ದಾರ ಮರೆಯೋ ನಿನ್ನಂಥೋರು ಆಗಲೂ ಇದ್ರು’ ಅಂದದ್ದನ್ನು ಸಿನಿಮಾದಲ್ಲಿ ಸೇರಿಸಲಾಗಲಿಲ್ಲ ಎಂಬ ಬೇಜಾರು ನನಗಿದೆ.

ಕುಂಬಾರ ತಾತನಿಗೆ ಹದಿನಾಲ್ಕು ಮಣ್ಣಿನ ಬಂಡಿಗಳ ಋಣ. ನೆರೆಮನೆಯ ಹುಡುಗನ ಚಿನ್ನದ ಬಂಡಿ ಬೇಕೆಂದು ಅಳುವ ಚಾರುದತ್ತನ ಮಗ ರೋಹಸೇನನಿಗೆ ಸಿಗುವ ಆ ಬಂಡಿ ನಮ್ಮ ಸೆಟ್ಟಿನಲ್ಲಿ ಉರುಳಲೇ ಇಲ್ಲ. ಸುಟ್ಟಾಗ ಮಣ್ಣು ಕುಗ್ಗಿ ಗಾಲಿಯ ತೂತು ಕಿರಿದಾಗುತ್ತಿತ್ತು, ಅಚ್ಚಿನ ಕಡ್ಡಿ ಹೋಗುತ್ತಿರಲಿಲ್ಲ. ತಾತ ಬೆರಳಿನ ಅಂದಾಜಿನಲ್ಲೇ ತೂತು ದೊಡ್ಡದು ಮಾಡುತ್ತಾ ಹೋದರು. ಮಣ್ಣಿಗೂ ಕಷ್ಟವಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಹರಿಸುವುದು) ಜಿಲ್ಲೆಯ ಕೆರೆಗಳಿಗೆ ಬರತೊಡಗಿದ ಮೇಲೆ ಅವರು ಮಣ್ಣು ತೆಗೆಯುತ್ತಿದ್ದ ಕೆರೆ ಒಣಗುವುದೇ ಇಲ್ಲ. ‘ಊರಿಗೆ ನೀರಾಯ್ತು, ನಮಗೆ ಮಣ್ಣಿಲ್ಲ’ ಎಂದು ನಗುತ್ತಲೇ ಮೊಮ್ಮಗನ ಸ್ಕೂಟರಿನಲ್ಲಿ ಬೇರೆ ಊರಿಂದ ಎರಡು ಚೀಲ ತರಿಸಿದರು.

ಚಿತ್ರೀಕರಣದ ಹತ್ತೊಂಬತ್ತನೇ ದಿನ ಹಣ ಹಾಕುತ್ತೇನೆಂದಿದ್ದವರು ಫೋನ್ ಎತ್ತುವುದನ್ನು ಬಿಟ್ಟರು. ಯಾರು ಏನು ಅಂತ ಬರೆಯುವುದಿಲ್ಲ. ಐದು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲ. ಬಡವನಾದ ಚಾರುದತ್ತನ ಮನೆ ಕಡೆಗೆ ಗೆಳೆಯರು ತಲೆಹಾಕುವುದಿಲ್ಲ ಎಂಬ ಮಾತುಗಳನ್ನು ಸಂಕಲನ ಮಾಡುವಾಗ ಗಟ್ಟಿಯಾಗಿ ಕೇಳಲು ನನ್ನಿಂದ ಆಗುತ್ತಿರಲಿಲ್ಲ. ಆ ಹೊತ್ತಲ್ಲಿ ಅಕ್ಕ ಎರಡು ಹಸುವಿನ ಹಾಲಿನ ದುಡ್ಡು ತಂದು ಮೇಜಿನ ಮೇಲಿಟ್ಟಳು. ಅಡುಗೆ ಅಕ್ಕ ‘ಕೂಲಿ ಆಮೇಲೆ ಕೊಡಪ್ಪ, ಮುದ್ದೆಗೇನು ಕಮ್ಮಿ’ ಅಂದರು. ಐದನೇ ಅಂಕದ ಮಳೆ ಸುರಿಸಲು ಟ್ಯಾಂಕರ್ ತಂದ ಹುಡುಗ ಇವತ್ತಿಗೂ ಪೂರ್ತಿ ಬಾಡಿಗೆ ತೆಗೆದುಕೊಂಡಿಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗದ ಕಡೆ ಸುಳ್ಳು ಮಳೆಗೆ ನೀರು ಚೆಲ್ಲಿದ್ದಕ್ಕೆ ನನಗೇ ಸಂಕೋಚವಿತ್ತು. ಅವನು ಪೈಪನ್ನು ಹಿಪ್ಪುನೇರಳೆ ಸಾಲಿನ ಕಡೆ ತಿರುಗಿಸಿ, ‘ಅಣ್ಣ, ಇಲ್ಲಿ ಸುರಿಸಿದ್ರೆ ತೋಟಕ್ಕಾದ್ರೂ ಆಗುತ್ತೆ, ನೀವು ಕ್ಯಾಮೆರಾ ಈ ಕಡೆ ಇಟ್ಕೊಳ್ಳಿ’ ಅಂದ. ಇಟ್ಟುಕೊಂಡೆವು. ವಸಂತಸೇನೆ ನೆನೆಯುತ್ತಾ ಬರುವ ದಾರಿ ಅದೇ.

ಕೋಲಾರ ಸೀಮೆಯಲ್ಲಿ ಹಳೆಯ ಕಾಲದ ಸಿನಿಮಾ ತೆಗೆಯುವವರಿಗೆ ಒಂದು ಕಿವಿಮಾತು: ಎಲ್ಲಿ ತಿರುಗಿದರೂ ನೀಲಗಿರಿ ಮರ. ಆಸ್ಟ್ರೇಲಿಯಾದ್ದು ಉಜ್ಜಯಿನಿಯಲ್ಲಿ ಎಲ್ಲಿಂದ ಬರಬೇಕು? ಟೊಮೆಟೊ, ಮೆಣಸಿನಕಾಯಿ, ಕಡಲೆಕಾಯಿಯೂ ಹಾಗೇ, ಅಮೆರಿಕದ ಕಡೆಯಿಂದ ಬಂದವು. ವಸಂತಸೇನೆಯ ಅಡುಗೆಮನೆಯಲ್ಲಿ ಕೆಂಪು ಮೆಣಸಿನಕಾಯಿ ಸರ ತೂಗುಹಾಕಿ ಅರ್ಧ ದಿನ ಚಿತ್ರೀಕರಿಸಿದ ಮೇಲೆ ಮೇಡಂ ಬಂದು ತೆಗೆಸಿದರು. ತೋಳಿನ ಮೇಲಿನ ಬಿ.ಸಿ.ಜಿ. ಚುಚ್ಚುಮದ್ದಿನ ಗುರುತು ಮುಚ್ಚಲು ಎಲ್ಲರಿಗೂ ತೋಳಬಂದಿ ಕಟ್ಟಿಸಿದ ಬಟ್ಟೆ ವಿಭಾಗದ ತಂಗಿಗೂ ನಮಸ್ಕಾರ. ನಮ್ಮ ದಾಸಿಯರು ಅಷ್ಟೊಂದು ಒಡವೆ ಹಾಕಿಕೊಂಡಿರುವುದಕ್ಕೆ ಕಾರಣ ಇಷ್ಟೇ. ಇಷ್ಟೆಲ್ಲ ಮಾಡಿಯೂ ಗಾಡಿ ಅದಲುಬದಲಾಗುವ ದೃಶ್ಯದಲ್ಲಿ ಎಡಮೂಲೆಗೆ ಒಂದು ನೀಲಗಿರಿ ಉಳಿದುಕೊಂಡಿದೆ. ಹುಡುಕಬೇಡಿ.

ಕೊನೆಯದಾಗಿ ಒಂದು ವಿಷಯ. ಸೆಟ್ಟಿಗೆ ತಂದ ಇಟ್ಟಿಗೆ ಸುಮಾರು ನಾಲ್ಕು ಸಾವಿರ ಹಳೆಯ ಗೂಡಿನ ಪಕ್ಕ ಪೇರಿಸಿಟ್ಟಿದ್ದೇವೆ. ಮಣ್ಣಿನ ಗಾರೆಯಾದ್ದರಿಂದ ಒಡೆದಿಲ್ಲ, ತೊಳೆದರೆ ಹೊಸದರ ಹಾಗೇ. ನಮ್ಮ ಜೊತೆ ಕೆಲಸ ಮಾಡಿದವರು ಮನೆಗೋ ಕೊಟ್ಟಿಗೆಗೋ ಬೇಕಿದ್ದರೆ ದುಡ್ಡಿಲ್ಲದೆ ಒಯ್ಯಬಹುದು. ಒಂದು ಟ್ರ್ಯಾಕ್ಟರ್ ಲೋಡು ಕುಂಬಾರ ತಾತನ ಆವೆಗೆ ಎತ್ತಿಟ್ಟಿದೆ, ಅದನ್ನು ಬಿಟ್ಟು. ಬರುವ ಮುಂಚೆ ಮೇಸ್ತ್ರಿಗೆ ಒಂದು ಮಾತು ಹೇಳಿ, ಬೀಗದ ಕೈ ಅವರ ಹತ್ತಿರ ಇದೆ.