ಕಾಡು ಉಸಿರು ಬಿಗಿಹಿಡಿಯುವುದಿಲ್ಲ

ಪ್ರೀತಿಯ ತಮ್ಮ,

ನಿನ್ನ ಬರಹ ಎರಡು ಸಲ ಓದಿದೆ. ಬೆಳಗಿನ ಒದ್ದೆ ಕಾಡು, ದೂರದಲ್ಲಿ ಕಟ್ಟುತ್ತಿರುವ ಬಿರುಮಳೆ, ಎಲ್ಲ ಇದೆ. ಆದರೆ 'ಕಾಡು ಉಸಿರು ಬಿಗಿಹಿಡಿದು ಕಾಯುತ್ತಿತ್ತು' ಅನ್ನುವಲ್ಲಿ ನಿಂತುಬಿಟ್ಟೆ. ಕಾಡು ಹಾಗೆಲ್ಲ ಮಾಡುವುದಿಲ್ಲ, ಅಲ್ವಾ? ಯಾವುದೋ ಒಂದು ಸದ್ದು ನಿಂತಿರುತ್ತದೆ. ಯಾವುದು? ಜೀರುಂಡೆಯೋ, ಹಕ್ಕಿಯೋ? ಗಾಳಿ ಅದಕ್ಕಿಂತ ಮೊದಲು ಬಿತ್ತೋ, ಆಮೇಲೋ? ಕಪ್ಪೆಗಳು ಮಾತ್ರ ಕೂಗುತ್ತಲೇ ಇದ್ದವೋ? ಅದನ್ನು ಬರೆದಿದ್ದರೆ ಮೌನ ಅನ್ನುವ ಪದವೇ ಬೇಕಿರಲಿಲ್ಲ.

ಇನ್ನೊಂದು. 'ಮೊದಲ ಮಳೆಯ ಮಣ್ಣಿನ ಘಮ' ಅಂದಿದ್ದೀಯ. ನಿನ್ನ ಕಾಡು ರಾತ್ರಿಯೇ ನೆನೆದಿದೆಯಲ್ಲ ಮಾರಾಯ! ಒಣ ನೆಲಕ್ಕೆ ಹನಿ ಬಿದ್ದಾಗ ಏಳುವ ವಾಸನೆ ಅದು. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಅದಕ್ಕೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ನೆನೆದ ಕಾಡಿನ ಮಣ್ಣುವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್, ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ವಸ್ತು. ಜೊತೆಗೆ ಕೊಳೆತ ಎಲೆ, ಅಣಬೆ. ಈ ಹೆಸರುಗಳನ್ನೆಲ್ಲ ಬರಹದಲ್ಲಿ ತುರುಕಬೇಡ. ಸುಮ್ನೆ ಒಂದು ಹಿಡಿ ಎಲೆಕಸ ಎತ್ತಿ ಮೂಸಿ ನೋಡು, ಆಮೇಲೆ ಬರೆ. ಮರದ ಮೇಲಿನ ಕಲ್ಲುಹೂವನ್ನೂ ನೋಡು, ತೊಗಟೆಗೆ ಅಂಟಿಕೊಂಡು ಬೆಳೆಯುವ ಲೈಕೆನ್ ಅದು. ಒಣಗಿದಾಗ ಬೂದು ಬಣ್ಣ. ನೆನೆದರೆ ಮೇಲಿನ ಪದರ ತಿಳಿಯಾಗಿ ಒಳಗಿನ ಪಾಚಿಯ ಹಸಿರು ಕಾಣುತ್ತದೆ. ರಾತ್ರಿ ಮಳೆ ಬಂದಿತ್ತು ಅಂತ ಹೇಳಲು ಒಂದು ಕೊಂಬೆ ಸಾಕು.

ಪೆನ್ನು ಬಿಟ್ಟು ಪೆನ್ಸಿಲ್ ಒಯ್ಯಿ. ಒಮ್ಮೆ ನನ್ನ ಇಡೀ ಬೆಳಗು ನೀಲಿ ಕಲೆಯಾಗಿ ಹೋಯಿತು. ಮನೆಗೆ ಬಂದು ನೆನಪಿನಿಂದ ಬರೆದೆ. ಜನ ಜಾಸ್ತಿಯೇ ಹೊಗಳಿದರು. ಅದರಲ್ಲಿ ಯಾವ ಹಕ್ಕಿ ಕಂಡದ್ದು, ಯಾವುದು ಹೊಸೆದದ್ದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮಿಂಚಿದ ಮೇಲೆ ಎಣಿಸು. 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗಿದರೆ ಪುಸ್ತಕ ಮುಚ್ಚಿ ಹೊರಡು, ವಾಕ್ಯ ಅರ್ಧಕ್ಕೇ ನಿಂತರೂ ಚಿಂತೆಯಿಲ್ಲ.

ಕೊನೆಯ ಎರಡು ಪುಟದ ಬಿರುಮಳೆ ತೆಗೆದುಬಿಡು. ಆ ಹೊತ್ತಿಗೆ ನೀನು ಮನೆಯೊಳಗಿದ್ದೆ ಅಂತ ನೀನೇ ಹೇಳಿದ್ದೆ. ಅದಕ್ಕೂ ಮೊದಲು, ತಣ್ಣನೆ ಗಾಳಿ ಒಮ್ಮೆಲೇ ನುಗ್ಗಿ ಎಲೆಗಳೆಲ್ಲ ಮಗುಚಿ ಬಿಳಿಚಿಕೊಂಡವು ಅಂತ ಒಂದು ಸಾಲಿದೆ. ಅದು ನೀನು ಕಂಡದ್ದು. ಅಲ್ಲಿಗೆ ನಿಲ್ಲಿಸಿ ಮತ್ತೆ ಕಳಿಸು.

ನಿನ್ನ ಅಣ್ಣ