ಮುಯ್ಯಿಗೆ ಕಳಿಸಿದ ದುಡ್ಡು

ಮಗಳೇ,

ನಮ್ಮ ರಾಗಿ ಕುಯ್ದು ಕೊಟ್ಟಿದ್ದಕ್ಕೆ ಅಂತ ನೀನು ಕಳಿಸಿದ 15,000 ರೂಪಾಯಿ ವಾಪಸ್ ಬಂದಿದೆ. ಮೂಲೆಮನೆ ದೊಡ್ಡಪ್ಪ ಇವತ್ತು ಬೆಳಿಗ್ಗೆ ಬಂದು, ನನ್ನ ಮಂಚದ ಪಕ್ಕ ಕೂತು, ಅಂಗಿ ಜೇಬಿಂದ ನೋಟು ತೆಗೆದು ದಿಂಬಿನ ಕೆಳಗೆ ಇಟ್ಟರು. ಫೋನಿಗೆ ಬಂದ ದುಡ್ಡನ್ನು ಬಿಡಿಸೋಕೆ ಅಂತಲೇ ಪಾಪ ಬಸ್ಸು ಹತ್ತಿ ಅರಸೀಕೆರೆಗೆ ಹೋಗಿ ಬಂದಿದ್ದಾರೆ. "ಮಗು ಎಲ್ಲೋ ತಪ್ಪಿ ಒತ್ತಿರಬೇಕು" ಅಂದರು. ತಪ್ಪಿ ಒತ್ತಿದ್ದಲ್ಲ ಅಂತ ಅವರಿಗೂ ಗೊತ್ತು. ಕಾಫಿ ಕುಡಿಯದೆ ಎದ್ದು ಹೋದರು. ನಿನ್ನಮ್ಮ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

ಮೊನ್ನೆ ಫೋನಲ್ಲಿ ನಾನು ಕೂಗಾಡಿದ್ದು ತಪ್ಪು. "ದುಡ್ಡಿನ ಮದ" ಅನ್ನೋ ಮಾತು ಬಾಯಿಗೆ ಬರಬಾರದಿತ್ತು. ಕಾಲು ಮಂಚ ಹಿಡಿದರೆ ನಾಲಿಗೆ ಊರು ಸುತ್ತುತ್ತೆ. ನೀನು ದುಡಿಯೋಕೆ ಶುರು ಮಾಡಿ ಇನ್ನೂ ಒಂದು ವರ್ಷ ಆಗಿಲ್ಲ. ಅಷ್ಟರಲ್ಲೇ ಅಪ್ಪನ ಹೊಲದ ಖರ್ಚು ತನ್ನದು ಅಂದುಕೊಂಡೆಯಲ್ಲ, ಅದನ್ನ ನಾನು ಡೈರಿ ಹತ್ತಿರ ನಾಲ್ಕು ಜನಕ್ಕೆ ಹೇಳಿಕೊಂಡಿದ್ದೇನೆ. ನಿನಗೆ ಮಾತ್ರ ಬೈದೆ.

ನಾನು ಬೈಕಿಂದ ಬಿದ್ದದ್ದು, ಆಸ್ಪತ್ರೆ, ರಾಡು, ಎಲ್ಲ ನೀನೇ ಕಣ್ಣಾರೆ ನೋಡಿದ್ದೀಯ, ಅದು ಬಿಡು. ನೀನು ವಾಪಸ್ ಹೋದ ಮೇಲಿನದು ಹೇಳ್ತೀನಿ. ಎರಡು ಎಕರೆ ರಾಗಿ ನಿಂತಿತ್ತು. ಮೂರನೇ ದಿನ ಬೆಳಿಗ್ಗೆ ಆರಕ್ಕೆ ಹನ್ನೊಂದು ಜನ ಕುಡುಗೋಲು ಹಿಡಿದು ಹೊಲಕ್ಕೆ ಇಳಿದಿದ್ದರಂತೆ. ಯಾರೂ ನನ್ನನ್ನು ಕೇಳಲಿಲ್ಲ. ಎರಡು ದಿನಕ್ಕೆ ಕುಯ್ಲು ಮುಗೀತು. ಒಣಗಿದ ಮೇಲೆ ಕಟ್ಟು ಕಟ್ಟಿ ಮೆದೆನೂ ಹಾಕಿದರು. ಸಾಲಲ್ಲಿದ್ದ ಅವರೆಯನ್ನು ತುಳಿಯದೆ ಬಿಟ್ಟಿದ್ದಾರೆ ನೋಡು, ಅದು ಕೂಲಿಗೆ ಬಂದವರು ಮಾಡೋ ಕೆಲಸ ಅಲ್ಲ. ಯಂತ್ರ ಬಿಟ್ಟಿದ್ದರೆ ಗಂಟೆಗಳಲ್ಲಿ ಮುಗೀತಿತ್ತು, ಆದರೆ ಹುಲ್ಲು ಪುಡಿ ಪುಡಿ. ಬೇಸಿಗೆಯಲ್ಲಿ ಹಸು ಏನು ತಿನ್ನಬೇಕು?

"ಪುಕ್ಸಟ್ಟೆ ಯಾಕೆ ಮಾಡಿಸ್ಕೋಬೇಕು ಅಪ್ಪ" ಅಂತ ಕೇಳಿದೆ ನೀನು. ಪುಕ್ಸಟ್ಟೆ ಅಲ್ಲ, ಮುಯ್ಯಿ. ಅವರು ನಮಗೆ ಎರಡು ಆಳು ಕೊಟ್ಟರೆ ನಾವು ಅವರಿಗೆ ಎರಡು ಆಳು ಕೊಡಬೇಕು. ಈ ವರ್ಷ ಆಗದಿದ್ದರೆ ಮುಂದಿನ ವರ್ಷ. ಮದುವೆ ಮುಯ್ಯಿಯನ್ನಾದರೂ ಪುಸ್ತಕದಲ್ಲಿ ಬರೀತಾರೆ, ಹೊಲದ ಮುಯ್ಯಿಯನ್ನು ಯಾರೂ ಬರೆಯಲ್ಲ. ಬರೆಯದಿದ್ದರೂ ಯಾರೂ ಮರೆಯಲ್ಲ. ನೀನು ದುಡ್ಡು ಕಳಿಸಿದಾಗ ದೊಡ್ಡಪ್ಪನಿಗೆ ಕೇಳಿಸಿದ್ದು ಒಂದೇ ಮಾತು: ಲೆಕ್ಕ ಚುಕ್ತಾ ಆಯ್ತು, ಇನ್ನು ನೀವ್ಯಾರೋ ನಾವ್ಯಾರೋ.

ಇಷ್ಟೇ ಆಗಿದ್ದರೆ ನಾನು ಅಷ್ಟು ಕೂಗುತ್ತಿರಲಿಲ್ಲ. ನಿನಗೆ ಹೇಳದ ವಿಷಯ ಒಂದಿದೆ.

2021ರ ನವೆಂಬರ್. ಕೊರೊನಾದಿಂದ ಆ ವರ್ಷ ಎಲ್ಲ ತಡ. ನಿನ್ನ ಕಾಲೇಜು, ಹಾಸ್ಟೆಲ್ಲು ನೋಡೋಕೆ ಇಬ್ಬರೂ ಬೆಂಗಳೂರಿಗೆ ಹೋದೆವು. ಮೂಲೆಮನೆಯ ಗಂಡ ಹೆಂಡತಿ ಅದಕ್ಕೂ ಮುಂಚೆಯೇ ನಮ್ಮ ಹೊಲದಲ್ಲಿ ಎರಡು ದಿನ ಕುಯ್ದು ಕೊಟ್ಟಿದ್ದರು. ನಮ್ಮ ಮೆದೆ ಮೇಲೆ ಆಗಲೇ ಟಾರ್ಪಾಲು ಬಿದ್ದಿತ್ತು. ಅವರದು ಕುಯ್ದು, ಒಣಗೋಕೆ ಅಂತ ಹೊಲದಲ್ಲೇ ಅರಿ ಹಾಕಿತ್ತು, ಒಂದೂವರೆ ಎಕರೆ. "ನಾಡಿದ್ದು ಬಂದು ಕಟ್ಟು ಕಟ್ಟೋಣ ಅಣ್ಣ" ಅಂತ ಹೇಳಿ ಬಸ್ಸು ಹತ್ತಿದ್ದೆ.

ನಮ್ಮ ಕೆಲಸ ಎರಡೇ ದಿನಕ್ಕೆ ಮುಗಿದಿತ್ತು, ನೆನಪಿದೆಯಾ? ಅವತ್ತು ಸಂಜೆಯೇ ನಾನು ಬಸ್ಸು ಹಿಡಿಯಬಹುದಿತ್ತು. ನೀನು ಲಾಲ್‌ಬಾಗ್ ನೋಡೋಣ ಅಂದೆ. ಮಾರನೇ ದಿನ ಬಂಡೆ ಮೇಲೆ ಕೂತು ಇಬ್ಬರೂ ಸೌತೆಕಾಯಿ ತಿಂದೆವು. ಮೋಡ ಕವಿದಿತ್ತು. ನಾನು ಮೋಡ ನೋಡಿದೆ ಮಗಳೇ. ನೋಡಿಲ್ಲ ಅಂತ ಸುಳ್ಳು ಹೇಳಲ್ಲ. ನಲವತ್ತು ವರ್ಷ ಹೊಲದಲ್ಲಿದ್ದವನಿಗೆ ಆ ಮೋಡ ಏನು ಅಂತ ಗೊತ್ತಾಗದೆ ಇರುತ್ತಾ? ನೀನು ನಗುತ್ತಿದ್ದೆ, ಇನ್ನು ನಾಲ್ಕು ವರ್ಷ ದೂರ ಇರ್ತೀಯ ಅಂತ ಅನ್ನಿಸ್ತು, ಇನ್ನೊಂದು ಗಂಟೆ ಅಂತ ಕೂತೆ. ಗಂಟೆ ಒಂದು ದಿನವಾಯ್ತು. ಅವತ್ತು ರಾತ್ರಿ ಮಳೆ ಹಿಡಿಯಿತು.

ಆ ನವೆಂಬರಿನ ಮಳೆ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ತುಮಕೂರು, ಕೋಲಾರ, ನಮ್ಮ ಕಡೆ, ಎಲ್ಲೆಲ್ಲಿ ರಾಗಿಯೋ ಅಲ್ಲೆಲ್ಲ ಮಳೆ. ನಾನು ಊರಿಗೆ ಬಂದಾಗ ದೊಡ್ಡಮ್ಮ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ತೆನೆ ತಿರುಗಿಸುತ್ತಿದ್ದರು. ಒಂದು ಅರಿ ಎತ್ತಿ ತೋರಿಸಿದರು. ತೆನೆಯ ಬೆರಳುಗಳ ಸಂದಿನಲ್ಲೆಲ್ಲ ಬಿಳಿ ಮೊಳಕೆ, ಕೂದಲೆಳೆ ಥರ. ಅಡಿಯಲ್ಲಿ ಬೂಸ್ಟು. ಮುಟ್ಟಿದರೆ ಬಿಸಿ ಇತ್ತು. ಒದ್ದೆ ರಾಗಿ ಒಳಗೊಳಗೇ ಕಾಯುತ್ತೆ, ಜ್ವರ ಬಂದ ಮೈ ಥರ. ಆ ಬಿಸಿ ಇವತ್ತಿಗೂ ಅಂಗೈಲಿದೆ.

ಒಂದು ದಿನ ಮುಂಚೆ ಬಂದಿದ್ದರೆ ಅರ್ಧವಾದರೂ ಮೆದೆಗೆ ಸೇರುತ್ತಿತ್ತು. ಪೂರ್ತಿ ಅಲ್ಲ, ಅರ್ಧ. ಆ ಲೆಕ್ಕವನ್ನು ಎಷ್ಟು ರಾತ್ರಿ ಹಾಕಿದ್ದೇನೋ. ಅವರು ಒಂದು ಮಾತು ಆಡಲಿಲ್ಲ. "ಮಗು ಸೀಟು ಚೆನ್ನಾಗಿ ಆಯ್ತಾ?" ಅಂತ ಕೇಳಿದರು, ಅಷ್ಟೇ. ಆ ವರ್ಷ ಅವರ ಮನೆ ಮುದ್ದೆ ಕಪ್ಪಗೆ, ಒಂಥರಾ ಕಹಿ. ನಾನು ಉಂಡಿದ್ದೇನೆ.

ಈ ಸಲ ಮೊದಲು ಕುಡುಗೋಲು ಹಿಡಿದು ಬಂದದ್ದು ಅದೇ ದೊಡ್ಡಪ್ಪ. ಈಗ ಹೇಳು, ಅವರಿಗೆ ನಾವು 15,000 ಕಳಿಸೋದಾ?

ಲಾಲ್‌ಬಾಗಿಗೆ ಕರೆದದ್ದು ನಿನ್ನ ತಪ್ಪಲ್ಲ. ಇದನ್ನು ಓದಿ ಅತ್ತುಕೊಂಡು ಕೂರಬೇಡ. ಊಟ ಬಿಡಬೇಡ. ರಾತ್ರಿ ಹತ್ತಕ್ಕೆ ಬಿಸ್ಕತ್ತು ತಿಂದು ಮಲಗೋದು ಊಟ ಅಲ್ಲ. ನಿನ್ನ ಪಕ್ಕದ ರೂಮಲ್ಲಿ ಯಾರಿದ್ದಾರೆ ಅಂತ ಕೇಳಿದ್ದಕ್ಕೆ "ಯಾರೋ ಗೊತ್ತಿಲ್ಲಪ್ಪ" ಅಂದೆ. ಆರು ತಿಂಗಳಾಯ್ತು ಅಲ್ವಾ? ಜ್ವರ ಬಂದರೆ ಬಾಗಿಲು ತಟ್ಟೋಕೆ ಒಂದು ಮನೆ ಇಟ್ಟುಕೋ. ಅದಕ್ಕೆ ಮುಂಚೆ ನೀನು ಅವರ ಬಾಗಿಲಿಗೆ ಏನಾದರೂ ಒಯ್ದಿರಬೇಕು. ನೋಡು, ಭಾಷಣ ಮಾಡಲ್ಲ ಅಂತ ಕೂತವನು ಏನು ಮಾಡ್ತಿದ್ದೀನಿ.

ಇನ್ನೊಂದು. ನಮ್ಮೂರಿನದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಹೈಸ್ಕೂಲಲ್ಲಿದ್ದಾಗ ನೀನು ಒಮ್ಮೆ ಕೇಳಿದ್ದೆ, "ಕಾಲೋನಿಯವರ ಜೊತೆ ಯಾಕೆ ಮುಯ್ಯಿ ಇಲ್ಲ, ಅವರಿಗೆ ಬರೀ ಕೂಲಿ ಯಾಕೆ?" ಅಂತ. ಹೊಲ ಇಲ್ಲದವರ ಹತ್ತಿರ ಏನು ಮುಯ್ಯಿ ಅಂತ ನಾನು ಬಾಯಿ ಮುಚ್ಚಿಸಿದ್ದೆ. ಅದು ಉತ್ತರ ಆಗಿರಲಿಲ್ಲ. ಈ ಸಲ ಬಂದ ಹನ್ನೊಂದು ಜನರಲ್ಲಿ ಇಬ್ಬರು ಕಾಲೋನಿಯವರು. ಕೂಲಿ ಕೊಡೋಕೆ ಹೋದರೆ ನಿನ್ನಮ್ಮನ ಕೈಯಿಂದ ತಗೊಳ್ಳಲಿಲ್ಲ. ಅವರಿಗೆ ನಾನು ಹೇಗೆ ತೀರಿಸಲಿ? ಆ ಮನೆಗೆ ಹೊಲ ಇಲ್ಲ. ಯೋಚನೆ ಮಾಡ್ತಾ ಇದ್ದೀನಿ. ನಿನಗೇನಾದರೂ ಹೊಳೆದರೆ ಹೇಳು.

ರಾಗಿ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಲಿಗೆ 4,886 ಮಾಡಿದ್ದಾರೆ. ನೋಂದಣಿಗೆ ನಾನು ಹೋಗೋಕಾಗಲ್ಲ, ಆ ಕೆಲಸ ನೀನು ವಿಚಾರಿಸು. ಅದು ನಿನಗೆ ಬರುತ್ತೆ.

ಸಂಕ್ರಾಂತಿ ಕಳೆದ ಭಾನುವಾರ ಮೂಲೆಮನೆಯವರ ಒಕ್ಕಣೆ. ನನ್ನ ಕೈಲಿ ಆಗಲ್ಲ, ನಿನ್ನಮ್ಮನಿಗೆ ಮಂಡಿ ನೋವು. ಶನಿವಾರ ರಾತ್ರಿ ಬಸ್ಸಿಗೆ ಬಾ. ನಿನಗೆ ಮೊರ ಹಿಡಿಯೋಕೆ ಬರಲ್ಲ, ಗೊತ್ತು. ರಾಶಿ ಅಳೆಯುವಾಗ ಚೀಲದ ಬಾಯಿ ಹಿಡಿ ಸಾಕು. ದೊಡ್ಡಪ್ಪ ಮೊದಲ ಅಳತೆಗೆ ಒಂದು ಅನ್ನಲ್ಲ, "ಲಾಭ" ಅಂತಾರೆ. ಆಗ ನಗಬೇಡ. ಹಳೇ ಚೂಡಿದಾರ ತಾ, ಧೂಳು ಹಿಡಿಯುತ್ತೆ. ದುಡ್ಡು ದಿಂಬಿನ ಕೆಳಗೇ ಇದೆ, ಬಂದಾಗ ತಗೊಂಡು ಹೋಗು.

ನಿನ್ನ ಅಪ್ಪ