ಪ್ರಾಜೆಕ್ಟ್ ಶುರು ಮಾಡುವ ಮುಂಚೆ ಓದಿ
ಎಲ್ಲರಿಗೂ ನಮಸ್ಕಾರ. ಟೆಕ್ನಾಲಜಿ ಉದ್ಯಮಶೀಲತೆ ಕೋರ್ಸಿನಲ್ಲಿ ಲ್ಯಾಬಿನ ಐಡಿಯಾ ಎತ್ತಿಕೊಳ್ಳುವವರು ಮೊದಲು ಪೇಟೆಂಟ್ ವಿಚಾರ ನೋಡಿ. ಪೋಸ್ಟರ್, ಸೆಮಿನಾರ್, ಆನ್‌ಲೈನಿಗೆ ಹಾಕಿದ ಥೀಸಿಸ್, ಅರ್ಜಿಗೆ ಮುಂಚೆ ಯಾವುದರಲ್ಲಿ ಬಹಿರಂಗವಾದರೂ ಯುರೋಪಿನಲ್ಲಿ ಪೇಟೆಂಟಿಗೆ ಬೇಕಾದ ಹೊಸತನ ಹೋದ ಹಾಗೆಯೇ. ಅಮೆರಿಕದಲ್ಲಿ 1 ವರ್ಷದ ವಿನಾಯಿತಿ ಇದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಅರ್ಜಿ ಮೊದಲು, ಪೋಸ್ಟರ್ ಆಮೇಲೆ. ಮೊದಲ ಅರ್ಜಿಯ ದಿನದಿಂದ 12 ತಿಂಗಳೊಳಗೆ ಬೇರೆ ದೇಶಗಳಲ್ಲಿ, ಇಲ್ಲವೇ ಪಿಸಿಟಿ (ಹಲವು ದೇಶಗಳಿಗೆ ಒಂದೇ ಅರ್ಜಿ ಹಾಕಲು ಬಿಡುವ ಅಂತರರಾಷ್ಟ್ರೀಯ ಪೇಟೆಂಟ್ ಒಪ್ಪಂದ) ಮೂಲಕ ಸಲ್ಲಿಸಬೇಕು. ಹಕ್ಕು ನಿಮ್ಮದೋ, ವಿಶ್ವವಿದ್ಯಾಲಯದ್ದೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಗೈಡ್ ಬಾಯಿಮಾತು ಸಾಲದು.

ಗ್ರಾಹಕರ ಸಂದರ್ಶನದಲ್ಲಿ "ಇದನ್ನು ಕೊಳ್ಳುತ್ತೀರಾ?" ಎಂದು ಕೇಳಿದರೆ ದಾಕ್ಷಿಣ್ಯಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. "ಹೋದ ಸಲ ಈ ತೊಂದರೆ ಬಂದಾಗ ಏನು ಮಾಡಿದಿರಿ, ಎಷ್ಟು ಖರ್ಚಾಯಿತು?" ಎಂದು ಕೇಳಿ. ಬಳಸುವವರು ಬೇರೆ, ದುಡ್ಡು ಕೊಡುವವರು ಬೇರೆ: ಆಸ್ಪತ್ರೆಯ ಉಪಕರಣವನ್ನು ನರ್ಸ್ ಬಳಸುತ್ತಾರೆ, ಸಹಿ ಹಾಕುವುದು ಖರೀದಿ ವಿಭಾಗ. ಇಬ್ಬರನ್ನೂ ಮಾತಾಡಿಸಿ.

ವರದಿಯಲ್ಲಿ ಟಿಆರ್‌ಎಲ್ (ತಂತ್ರಜ್ಞಾನ ಬಳಕೆಗೆ ಎಷ್ಟು ಸಿದ್ಧ ಎಂದು ಅಳೆಯುವ ಮಟ್ಟ) ಉಬ್ಬಿಸಬೇಡಿ. 9 ಮೆಟ್ಟಿಲುಗಳಲ್ಲಿ, ಲ್ಯಾಬಿನಲ್ಲಷ್ಟೇ ಓಡಿದ ಮಾದರಿ 4ನೆಯದು. 7 ಅನ್ನಬೇಕಾದರೆ ನಿಜವಾದ ಬಳಕೆಯ ಜಾಗದಲ್ಲಿ ಓಡಿರಬೇಕು.

ವೆಚ್ಚವನ್ನು 10 ಘಟಕಕ್ಕೆ ಒಮ್ಮೆ, 1,000ಕ್ಕೆ ಒಮ್ಮೆ ಲೆಕ್ಕ ಹಾಕಿ. ಬಿಡಿಭಾಗಗಳ ಬೆಲೆ ಎಲ್ಲರೂ ಬರೆಯುತ್ತಾರೆ. ಜೋಡಣೆ, ಪರೀಕ್ಷೆ, ಕೆಟ್ಟು ವಾಪಸ್ ಬರುವವುಗಳ ಖರ್ಚು ಬಿಟ್ಟುಹೋಗುತ್ತದೆ.